ಮೇಜಿನ ಸುತ್ತಿನ ಪಾತ್ರದಾಟ

ಬಾನುಲಿ ನಾಟಕವನ್ನು ಕೇಳಿ ಬೆಳೆದ ಓದುಗರಿಗೆ ಒಂದು ಸಂಗತಿಯನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ. ಬಾಗಿಲು ಕಿರುಗುಟ್ಟಿದ ಸದ್ದೊಂದು, ಇಬ್ಬರಾಡಿದ ಮಾತೆರಡು. ಇಷ್ಟಾದರೆ ಸಾಕು, ಕತ್ತಲೆಯ ಕೋಣೆಯಲ್ಲಿ ಅರಮನೆ ಎದ್ದು ನಿಲ್ಲುತ್ತದೆ. ಕರಾವಳಿ ಮಲೆನಾಡುಗಳ ಓದುಗರಿಗಂತೂ ತಾಳಮದ್ದಳೆಯ ಪರಿಚಯ ಚೆನ್ನಾಗಿಯೇ ಇದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡಿ ನಿಲ್ಲಿಸಿದೊಡನೆ, ಪಂಚೆಯುಟ್ಟು ಕುಳಿತ ಅಂಗಡಿಯವರೊಬ್ಬರು ಕೃಷ್ಣನಾಗಿ ಮಾತನಾಡುತ್ತಾರೆ. ಎದುರಿಗೆ ಕುಳಿತ ಪೋಸ್ಟ್ ಮಾಸ್ತರರು ಕೌರವನಾಗಿ ಉತ್ತರ ಕೊಡುತ್ತಾರೆ. ಆ ಮಾತುಗಳನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಆಯಾ ಹೊತ್ತಿಗೆ ಆಯಾ ನಾಲಗೆಯಲ್ಲಿ ಹುಟ್ಟಿದವು ಅವು.

ನಮ್ಮ ಈ ಕಲೆಯ ಗಂಧಗಾಳಿಯೂ ತಿಳಿಯದ ಅಮೆರಿಕದ ಕೆಲವು ತರುಣರು 1969ರಿಂದ 1974ರವರೆಗಿನ ಐದು ವರ್ಷಗಳಲ್ಲಿ, ಇದನ್ನು ನೆನಪಿಗೆ ತರುವಂಥ ಒಂದು ಮಾತಿನ ಆಟವನ್ನು ಕಟ್ಟಿದರು. ರೋಲ್ ಪ್ಲೇಯಿಂಗ್ ಗೇಮ್ ಎಂದು ಅದನ್ನು ಕರೆಯುತ್ತಾರೆ. ನಾನು ಈ ಲೇಖನದಲ್ಲಿ ‘ಪಾತ್ರದಾಟ’ ಎನ್ನುತ್ತೇನೆ. ನಾಲ್ಕಾರು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ಒಬ್ಬ ಖಡ್ಗಧಾರಿ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಇನ್ನೊಬ್ಬರು ತೀರ್ಪುಗಾರರು. ‘ನಿಮ್ಮೆದುರಿಗೆ ಮುಚ್ಚಿದ ಕೋಟೆಯ ಬಾಗಿಲಿದೆ, ಏನು ಮಾಡುತ್ತೀರಿ?’ ಎಂದು ಅವರು ಕೇಳುತ್ತಾರೆ. ಆಟಗಾರರು ಹೇಳುತ್ತಾರೆ. ಹೇಳಿದ್ದು ಕೈಗೂಡುವುದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳುತ್ತದೆ. ಹೀಗೆ ಗಂಟೆಗಟ್ಟಲೆ, ವಾರಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಒಂದೇ ಕಥೆ ನಡೆಯುತ್ತದೆ. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು; ಕರ್ಣನ ಅರ್ಥ ಹೇಳುವವರು ಎಷ್ಟೇ ಸಮರ್ಥರಿರಲಿ, ಬೆಳಗಾಗುವುದರೊಳಗೆ ಕರ್ಣ ಬೀಳಲೇಬೇಕು. ಪಾತ್ರದಾಟದಲ್ಲಿ ಕೊನೆಯು ಯಾರಿಗೂ ಗೊತ್ತಿಲ್ಲ, ತೀರ್ಪುಗಾರರಿಗೂ ಗೊತ್ತಿಲ್ಲ. ಈ ಒಂದು ಭೇದವನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಹೈಸ್ಕೂಲಿನ ಕನ್ನಡ ಪಂಡಿತನಿಗೆ ಈ ವಿಷಯ ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳುವುದು ನ್ಯಾಯವೇ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನವರಾತ್ರಿಯ ರಜೆಯಲ್ಲಿ ನಾಲ್ವರು ಸ್ನೇಹಿತರನ್ನು ಕರೆದುಕೊಂಡು ಊರಿಗೆ ಬಂದಿದ್ದ. ‘ಸಾರ್, ನೀವು ಅರ್ಥ ಹೇಳುವವರು, ಈ ಆಟ ನಿಮಗೆ ಬಂದೇ ಬರುತ್ತದೆ, ಒಂದು ಸಲ ಕೂತುಕೊಳ್ಳಿ’ ಎಂದು ಒತ್ತಾಯಿಸಿದ. ಕುಳಿತೆ. ವೃದ್ಧ ಮಂತ್ರವಾದಿಯ ಪಾತ್ರವನ್ನು ನನಗೆ ಕೊಟ್ಟರು. ಕೋಟೆಯ ಬಾಗಿಲಿಗೆ ಬಂದೆವು, ದ್ವಾರಪಾಲಕ ತಡೆದ. ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಆರಂಭಿಸಿದೆ. ರಾಜಧರ್ಮವೆಂದರೇನು, ಅತಿಥಿಸತ್ಕಾರವೆಂದರೇನು, ದ್ವಾರಪಾಲಕ ವೃತ್ತಿಯ ಘನತೆಯೇನು, ಜಯವಿಜಯರ ಕಥೆಯೇನು! ಕಾಲು ಗಂಟೆಗೆ ಕಡಿಮೆಯಿಲ್ಲದಷ್ಟು ಹೊತ್ತು ವಾಗ್ಝರಿ ಹರಿಯಿತು. ಮಕ್ಕಳೆಲ್ಲ ಸುಮ್ಮನೆ ಕುಳಿತು ಕೇಳುತ್ತಿದ್ದರು. ಎಂಥ ಪ್ರಭಾವ ಎಂದು ಒಳಗೊಳಗೇ ಹಿಗ್ಗಿದೆ. ಕೊನೆಗೆ ತೀರ್ಪುಗಾರನಾಗಿದ್ದ ನನ್ನ ಶಿಷ್ಯ ಬಹಳ ಸಂಕೋಚದಿಂದ, ‘ಸಾರ್, ದ್ವಾರಪಾಲಕ ಏನೋ ಹೇಳಬೇಕೆಂದು ಆಗಿನಿಂದ ಬಾಯಿ ತೆರೆದುಕೊಂಡು ನಿಂತಿದ್ದಾನೆ’ ಎಂದ. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು—ಆಕೆಯದು ಕಳ್ಳನ ಪಾತ್ರ—‘ನಾನು ಆವಾಗಲೇ ಗೋಡೆ ಹತ್ತಬೇಕು ಅಂತಿದ್ದೆ ಸಾರ್, ಹೇಳಲಿಕ್ಕೆ ಆಗಲಿಲ್ಲ’ ಎಂದಳು.

ಮೂವತ್ತು ವರ್ಷ ತರಗತಿಯಲ್ಲಿ ನಿಂತು ಮಾತನಾಡಿದವನಿಗೆ ಆ ಎರಡು ವಾಕ್ಯಗಳು ತಾಗಿದವು. ಹಾಗಾದರೆ ಈ ಆಟದಲ್ಲಿ ಒಳ್ಳೆಯ ಆಟಗಾರ ಯಾರು? ಆಡುವ ಮಕ್ಕಳನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದಕಾರಣ ಆಟದ ಚರಿತ್ರೆಯಲ್ಲಿ ಉತ್ತರವಿದೆಯೇ ಎಂದು ಹುಡುಕಲು ತೊಡಗಿದೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈ ಆಟದ ಬೇರು ಇರುವುದು ಪ್ರಷ್ಯಾ ದೇಶದ ಸೈನ್ಯದಲ್ಲಿ. 1812ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿಯೊಬ್ಬ ಯುದ್ಧವನ್ನು ಮೇಜಿನ ಮೇಲೆ ಆಡಿ ತೋರಿಸುವ ಸಾಧನವೊಂದನ್ನು ರಚಿಸಿ, ದೊರೆ ಮೂರನೆಯ ಫ್ರೆಡರಿಕ್ ವಿಲಿಯಮನಿಗೆ ಅರ್ಪಿಸಿದನು. ಸೈನ್ಯದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದ ಆತನ ಮಗ ಅದನ್ನು ತಿದ್ದಿ, 1824ರಲ್ಲಿ ನಿಯಮಗಳ ಪುಸ್ತಕವಾಗಿ ಪ್ರಕಟಿಸಿದನು. ‘ಕ್ರೀಗ್‌ಸ್ಪೀಲ್’ ಎಂದು ಅದರ ಹೆಸರು, ಯುದ್ಧದಾಟವೆಂದೇ ಅರ್ಥ. ಸೇನಾ ಸಿಬ್ಬಂದಿಯ ಮುಖ್ಯಸ್ಥನಾಗಿದ್ದ ಜನರಲ್ ಮ್ಯೂಫ್ಲಿಂಗ್ ಮೊದಲು ಉದಾಸೀನನಾಗಿಯೇ ನೋಡಲು ಕುಳಿತವನು, ನೋಡುತ್ತ ನೋಡುತ್ತ ಉತ್ಸಾಹಗೊಂಡು, ಇದನ್ನು ಬರಿಯ ಆಟವೆನ್ನಲಾಗದು, ಯುದ್ಧದ ಶಿಕ್ಷಣವೇ ಸರಿ ಎಂಬರ್ಥದ ಮಾತನಾಡಿದನೆಂಬುದು ಪ್ರಸಿದ್ಧವಾಗಿದೆ.

ಚದುರಂಗಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಚದುರಂಗದಲ್ಲಿ ಇಬ್ಬರ ಕಾಯಿಗಳೂ ಇಬ್ಬರ ಕಣ್ಣಿಗೂ ಬೀಳುತ್ತವೆ. ಕಾಯಿಯನ್ನು ನೀವೇ ನಡೆಸುತ್ತೀರಿ. ಕ್ರೀಗ್‌ಸ್ಪೀಲಿನಲ್ಲಿ 1:8000 ಪ್ರಮಾಣದ ನಕ್ಷೆಯೊಂದು ಹರಡಿರುತ್ತದೆ. ಆಟಗಾರ ತನ್ನ ಆಜ್ಞೆಯನ್ನು ನಿಜವಾದ ಸೇನಾಪತಿ ಕೊಡುವಂತೆ ಹೇಳಬೇಕು ಇಲ್ಲವೆ ಬರೆದುಕೊಡಬೇಕು. ತುಕಡಿಗಳನ್ನು ನಡೆಸುವವನು ತೀರ್ಪುಗಾರ. ಬೆಟ್ಟದ ಹಿಂದೆ ಅಡಗಿದ ಶತ್ರುಸೈನ್ಯ, ಅದನ್ನು ನೋಡಬಲ್ಲ ತುಕಡಿ ನಿಮ್ಮದೊಂದು ಅಲ್ಲಿರುವ ತನಕ ನಕ್ಷೆಯ ಮೇಲೆ ಕಾಣುವುದೇ ಇಲ್ಲ. ಅಂದರೆ ಆಟಗಾರನಿಗೆ ತಿಳಿದಿರುವುದು ಅಲ್ಪ, ಉಳಿದದ್ದನ್ನು ಆತ ಕೇಳಿ ತಿಳಿಯಬೇಕು. ಪ್ರಶ್ನೆ ಕೇಳಲು ಬಾರದ ಶೂರ ಅಲ್ಲಿ ಸೋಲುತ್ತಾನೆ. ಮುಂದೆ ನಿಯಮಗಳೂ ಕೋಷ್ಟಕಗಳೂ ಬೆಳೆದು ಆಟ ಭಾರವಾಗಿ ಕುಸಿಯುವಂತಾದಾಗ, 1876ರಲ್ಲಿ ಫರ್ಡಿ ದು ವರ್ನ್ವಾ ಎಂಬ ಅಧಿಕಾರಿ ಅವುಗಳನ್ನೆಲ್ಲ ಬದಿಗಿಟ್ಟು, ಅನುಭವಸ್ಥ ತೀರ್ಪುಗಾರನ ವಿವೇಕವೇ ಸಾಕೆಂದು ವಾದಿಸಿದನು. ಪುಸ್ತಕದ ನಿಯಮ ದೊಡ್ಡದೋ ಮನುಷ್ಯನ ವಿವೇಕ ದೊಡ್ಡದೋ ಎಂಬ ಆ ಜಗಳ ಪಾತ್ರದಾಟದಲ್ಲಿ ಇಂದಿಗೂ ತೀರಿಲ್ಲ. ನಮ್ಮ ವ್ಯಾಕರಣದವರ ಜಗಳವೂ ಇಂಥದೇ ತಾನೆ?

ಪ್ರಷ್ಯನರ ಈ ಪದ್ಧತಿಯನ್ನು ನೋಡಿ ಟಾಟನ್ ಎಂಬ ಅಮೆರಿಕದ ಸೇನಾಧಿಕಾರಿ 1880ರಲ್ಲಿ ‘ಸ್ಟ್ರಾಟೆಗೋಸ್’ ಎಂಬ ಗ್ರಂಥವನ್ನು ಬರೆದನು. ಕಾಲಕ್ರಮದಲ್ಲಿ ಅದನ್ನು ಕೇಳುವವರಿಲ್ಲವಾಯಿತು. ಮಧ್ಯದ ಎಂಬತ್ತು ವರ್ಷಗಳ ಕಥೆಯನ್ನು ನಾನು ಬೇಗನೆ ದಾಟುತ್ತೇನೆ. ಸೀಸದ ಸೈನಿಕರನ್ನಿಟ್ಟು ಯುದ್ಧವಾಡುವುದು ಮನೆಮನೆಯ ವಿನೋದವಾಯಿತು, ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಅದಕ್ಕೊಂದು ಪುಸ್ತಕವನ್ನೇ ಬರೆದನು. 1950ರ ದಶಕದಿಂದ ಅಮೆರಿಕದಲ್ಲಿ ಯುದ್ಧದಾಟದ ಪೆಟ್ಟಿಗೆಗಳು ಅಂಗಡಿಗೆ ಬಂದವು.

ಮಿನ್ನೆಸೋಟ ಸಂಸ್ಥಾನದಲ್ಲಿ ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಎಂಬ ಅವಳಿ ನಗರಗಳಿವೆ. ಅಲ್ಲಿ ಇಂಥ ಯುದ್ಧದಾಟದ ಹುಚ್ಚಿನ ತರುಣರದೊಂದು ಗುಂಪಿತ್ತು. ಅವರಲ್ಲಿ ಡೇವಿಡ್ ವೆಸೆಲಿ ಎಂಬುವರಿಗೆ ಮಿನ್ನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಟಾಟನನ ಆ ಹಳೆಯ ಪುಸ್ತಕ ಸಿಕ್ಕಿತು. ಆಟಗಾರ ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಫಲವನ್ನು ತೀರ್ಪುಗಾರ ಹೇಳಬೇಕು—ಈ ವಿಚಾರ ಅವರಿಗೆ ಹಿಡಿಸಿತು. 1969ರಲ್ಲಿ ಅವರು ಒಂದು ಹೊಸ ಬಗೆಯ ಆಟವನ್ನು ಹೂಡಿದರು. ನೆಪೋಲಿಯನ್ನನ ಕಾಲ, ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣ, ಎರಡು ಸೈನ್ಯಗಳು ಅದರತ್ತ ಬರುತ್ತಿವೆ. ಸೇನಾಪತಿಗಳ ಪಾತ್ರ ಕೆಲವರಿಗಾಯಿತು. ಉಳಿದವರು ಏನು ಮಾಡಬೇಕು? ಅವರಿಗೆ ಊರಿನ ಪ್ರಮುಖರ ಪಾತ್ರಗಳನ್ನು ಹಂಚಿದರು. ವಿಶ್ವವಿದ್ಯಾಲಯದ ಕುಲಪತಿಯೂ ಅದರಲ್ಲೊಬ್ಬ. ಒಬ್ಬೊಬ್ಬರಿಗೂ ಒಂದೊಂದು ಉದ್ದೇಶ, ಒಂದೊಂದು ಗುಟ್ಟು.

ವೆಸೆಲಿಯವರು ಅಂದುಕೊಂಡದ್ದು ಒಂದು, ಆದದ್ದೊಂದು. ಆಟಗಾರರು ತೀರ್ಪುಗಾರರ ಅಪ್ಪಣೆಗೆ ಕಾಯದೆ ತಮ್ಮತಮ್ಮಲ್ಲೇ ಪಿಸುಗುಟ್ಟತೊಡಗಿದರು. ಮೂಲೆಗೆ ಹೋಗಿ ಒಳಸಂಚು ಮಾಡಿದರು, ಒಪ್ಪಂದ ಮಾಡಿಕೊಂಡರು, ಮುರಿದರು. ಇಬ್ಬರು ಬಂದು ತಾವು ದ್ವಂದ್ವಯುದ್ಧಕ್ಕೆ ನಿಂತಿದ್ದೇವೆ, ಯಾರು ಗೆದ್ದರೆಂದು ಹೇಳಿ ಎಂದರು! ದ್ವಂದ್ವಕ್ಕೆ ನಿಯಮವೇ ಇರಲಿಲ್ಲ. ವೆಸೆಲಿ ನಿಂತ ನಿಲುವಿನಲ್ಲೇ ಒಂದನ್ನು ಹುಟ್ಟಿಸಿದರು. ಹೊತ್ತು ಮುಗಿಯಿತು, ಸೈನ್ಯಗಳು ಕಾದಲೇ ಇಲ್ಲ. ತಮ್ಮ ಆಟ ಕೆಟ್ಟುಹೋಯಿತೆಂದು ಅವರು ಬೇಸರಪಟ್ಟುಕೊಂಡರು. ಆದರೆ ಆಡಿದವರು, ಇನ್ನೊಂದು ಇಂಥದು ಯಾವಾಗ ಎಂದು ಬೆನ್ನು ಹತ್ತಿದರು. ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಆಟವನ್ನು ರಚಿಸಿದವರಿಗೆ ಕಾಣದಿದ್ದದ್ದು ಆಡಿದವರಿಗೆ ಕಂಡಿತ್ತು. ಪಾತ್ರದಾಟವನ್ನು ಮೊದಲು ಕಂಡುಹಿಡಿದದ್ದು ಆಟಗಾರರು. ನಿಯಮ ಬರೆದವರು ಬಂದದ್ದು ಹಿಂದಿನಿಂದ. ಇದು ನನ್ನ ಅಭಿಪ್ರಾಯ.

ಅಂಥ ಆಟಗಾರರಲ್ಲಿ ಮೊದಲಿಗರೆನ್ನಬೇಕಾದವರು ಡೇವ್ ಆರ್ನೆಸನ್. 1947ರಲ್ಲಿ ಹುಟ್ಟಿದ ಇವರು ಆಗ ಚರಿತ್ರೆಯ ವಿದ್ಯಾರ್ಥಿ. ವೆಸೆಲಿಯವರ ಮುಂದಿನ ಆಟಗಳಲ್ಲೊಂದು ದಕ್ಷಿಣ ಅಮೆರಿಕದ ಕಡೆಯ, ಸರ್ಕಾರ ಉರುಳುವ ಸ್ಥಿತಿಯಲ್ಲಿರುವ, ಕಲ್ಪಿತ ಪುಟ್ಟ ದೇಶವೊಂದರಲ್ಲಿ ನಡೆಯುತ್ತದೆ. ಆರ್ನೆಸನ್ನರ ಪಾಲಿಗೆ ಬಂದದ್ದು ಕ್ರಾಂತಿಕಾರಿ ವಿದ್ಯಾರ್ಥಿಯ ಪಾತ್ರ. ಕರಪತ್ರ ಹಂಚಿದರೆ ಅಂಕ. ಉಳಿದವರು ಯುದ್ಧದಾಟದ ರೂಢಿಯಂತೆ ತುಕಡಿ ನಡೆಸುತ್ತಿದ್ದರೆ, ಈತ ಮನೆಯಿಂದ ಬರುವಾಗಲೇ ಅಮೆರಿಕದ ಗೂಢಚಾರ ಇಲಾಖೆಯ ನಕಲಿ ಗುರುತುಚೀಟಿಯನ್ನು ತಯಾರಿಸಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಹಿಡಿದು ಶೋಧಿಸಿದವರಿಗೆ ಅದನ್ನು ತೋರಿಸಿದರು. ನಿಜವಾದ ಗೂಢಚಾರನೇ ಇವನೆಂದು ಎಲ್ಲರೂ ನಂಬಿದರು. ಕೊನೆಯಲ್ಲಿ ಈ ಕ್ರಾಂತಿಕಾರಿ ಹೆಲಿಕಾಪ್ಟರನ್ನೇರಿ ಊರಿನ ಮೇಲೆ ಕರಪತ್ರಗಳನ್ನು ಸುರಿದು, ಲೆಕ್ಕಕ್ಕೆ ಸಿಗದಷ್ಟು ಅಂಕಗಳನ್ನು ಬಾಚಿಕೊಂಡರಂತೆ. ಅಲ್ಲಿದ್ದವರು ಇದನ್ನು ದಶಕಗಳ ಮೇಲೂ ನಗುತ್ತ ಹೇಳಿಕೊಳ್ಳುತ್ತಿದ್ದರು.

ಮೋಸಮಾಡಿದವನೇ ಒಳ್ಳೆಯ ಆಟಗಾರನೆ ಎಂದು ನೀವು ಹುಬ್ಬು ಗಂಟಿಕ್ಕಬಹುದು. ನಾನೂ ಮೊದಲು ಹಾಗೆಯೇ ಮಾಡಿದೆ. ಮತ್ತೆ ಯೋಚಿಸಿದಾಗ ಬೇರೊಂದು ತೋರಿತು. ಎದುರಿಗಿರುವವನಿಗೆ ಏನು ಬೇಕು, ಯಾವುದರ ಭಯ, ಯಾವ ಮಾತನ್ನು ಆತ ನಂಬಲು ಸಿದ್ಧ ಎಂಬುದು ತಿಳಿಯದವನ ಸುಳ್ಳು ನಿಲ್ಲುವುದಿಲ್ಲ. ಆರ್ನೆಸನ್ ಉಳಿದ ಪಾತ್ರಗಳನ್ನು ಕಾಯಿಗಳೆಂದು ಎಣಿಸದೆ ಮನುಷ್ಯರೆಂದು ಎಣಿಸಿದರು. ಕೋಟೆಯ ಬಾಗಿಲಲ್ಲಿ ನಾನು ಮಾಡದೆ ಹೋದದ್ದು ಅದನ್ನೇ. ನನ್ನ ದ್ವಾರಪಾಲಕನಿಗೆ ಏನು ಬೇಕಾಗಿತ್ತೆಂದು ಇಂದಿಗೂ ನಾನರಿಯೆ.

1971ರಲ್ಲಿ ಆರ್ನೆಸನ್ ತಾವೇ ತೀರ್ಪುಗಾರರಾಗಿ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ಸೀಮೆಯ ಕಥೆಯನ್ನು ಆರಂಭಿಸಿದರು. ಕೋಟೆ, ಅದರಡಿಯಲ್ಲಿ ಕವಲೊಡೆದ ನೆಲಮಾಳಿಗೆಗಳು, ಅಲ್ಲಿ ರಾಕ್ಷಸರು, ನಿಧಿ. ಇಲ್ಲಿಯ ಹೊಸತನವೇನೆಂದರೆ ಒಂದು ಸಂಜೆಯ ಪಾತ್ರ ಮುಂದಿನ ವಾರವೂ ಬದುಕಿತು. ಗಾಯ ಮಾಯಿತು, ಅನುಭವ ಹೆಚ್ಚಿತು, ಹೆಸರು ಬೆಳೆಯಿತು. ಯುದ್ಧದ ಲೆಕ್ಕಕ್ಕೆ ಆರ್ನೆಸನ್ ಮೊದಲು ಬಳಸಿದ್ದು ‘ಚೈನ್‌ಮೇಲ್’ ಎಂಬ ನಿಯಮ ಪುಸ್ತಕವನ್ನು. ಅದರಲ್ಲಿ ಒಂದೇಟಿಗೆ ಒಂದು ಸಾವು. ಸೀಸದ ಸೈನಿಕ ಸತ್ತರೆ ಅಳುವವರಿಲ್ಲ, ಸರಿ. ತಾವೇ ಹೆಸರಿಟ್ಟು, ವಾರಗಟ್ಟಲೆ ತಮ್ಮ ನಾಲಗೆಯಿಂದ ಮಾತನಾಡಿಸಿದ ಪಾತ್ರ ಒಂದೇಟಿಗೆ ಸಾಯುವುದನ್ನು ಆಟಗಾರರು ಒಪ್ಪಲಿಲ್ಲ. ಆಗ ಆರ್ನೆಸನ್ ತಮ್ಮ ಹಳೆಯ ಹಡಗುಯುದ್ಧದಾಟದಿಂದ ಒಂದು ಉಪಾಯವನ್ನು ತಂದರು. ಒಂದು ಹಡಗು ಇಷ್ಟು ಹೊಡೆತ ತಿಂದ ಮೇಲೆ ಮುಳುಗುತ್ತದೆ ಎನ್ನುವಂತೆ, ಒಬ್ಬ ವೀರನೂ ಇಷ್ಟು ಪೆಟ್ಟು ತಾಳಬಲ್ಲನೆಂದು ಅಂಕವನ್ನು ಗೊತ್ತುಮಾಡಿದರು. ಇಂದು ಮಕ್ಕಳು ಕಂಪ್ಯೂಟರಿನ ಮೇಲೆ ಆಡುವ ಎಷ್ಟೋ ಆಟಗಳಲ್ಲಿ ಕಾಣುವ ಪ್ರಾಣಾಂಕದ ಮೂಲ ಈ ಮಮತೆಯೇ.

ಚೈನ್‌ಮೇಲ್ ಬರೆದವರಲ್ಲಿ ಒಬ್ಬರು ವಿಸ್ಕಾನ್ಸಿನ್ನಿನ ಲೇಕ್ ಜಿನೀವ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್. 1938ರಲ್ಲಿ ಹುಟ್ಟಿದವರು, ವಿಮಾ ಕಂಪೆನಿಯ ಕೆಲಸ ಹೋದ ಮೇಲೆ ಜೋಡು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದರು. 1972ರ ಕೊನೆಯ ಭಾಗದಲ್ಲಿ ಆರ್ನೆಸನ್ ಅವರ ಮನೆಗೆ ಹೋಗಿ ಬ್ಲ್ಯಾಕ್‌ಮೂರನ್ನು ಆಡಿ ತೋರಿಸಿದರು. ಗೈಗ್ಯಾಕ್ಸ್ ಮಾರುಹೋಗಿ, ನಿಯಮಗಳನ್ನು ಬೆರಳಚ್ಚು ಮಾಡತೊಡಗಿದರು. ತಾವು ರಚಿಸಿದ ಗ್ರೇಹಾಕ್ ಎಂಬ ಕೋಟೆಯ ನೆಲಮಾಳಿಗೆಗೆ ಅವರು ಮೊತ್ತಮೊದಲು ಇಳಿಸಿದ್ದು ತಮ್ಮ ಮಕ್ಕಳಾದ ಅರ್ನಿ, ಎಲೀಸರನ್ನು. ಮಕ್ಕಳು ಕತ್ತಲೆಯಲ್ಲಿ ಹುಳುಹುಪ್ಪಟೆಗಳೊಡನೆ ಕಾದಿ ಮುಂದುವರಿದು, ಕೊನೆಗೆ ಒಂದು ಪೆಟ್ಟಿಗೆಯನ್ನು ಗೆದ್ದರು. ತೆರೆದರೆ 3000 ತಾಮ್ರದ ನಾಣ್ಯ, ಹೊರಲಾರದಷ್ಟು ಭಾರ! ಮನೆಯಲ್ಲಿ ಮಕ್ಕಳಿರುವ ಯಾರಿಗೂ ಆ ಎರಡು ಮುಖಗಳನ್ನು ಊಹಿಸುವುದು ಕಷ್ಟವಲ್ಲ. ಹೀಗೆ ಹೊಸ ಆಟದ ಮೊದಲ ಪಾಠವೇ ಶೌರ್ಯದ್ದಲ್ಲ, ಹೊರೆಯ ಲೆಕ್ಕದ್ದು.

1973ರಲ್ಲಿ ಗೈಗ್ಯಾಕ್ಸ್ ತಮ್ಮ ಬಾಲ್ಯಸ್ನೇಹಿತ ಡಾನ್ ಕೇ ಅವರೊಡನೆ ಒಂದು ಕಿರಿಯ ಪ್ರಕಾಶನ ಸಂಸ್ಥೆಯನ್ನು ಹೂಡಿದರು. 1974ರ ಆರಂಭದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೊರಬಂದಿತು. ಪೆಟ್ಟಿಗೆಯೊಂದರಲ್ಲಿ ಮೂರು ಪುಟ್ಟ ಪುಸ್ತಕ, ಬೆಲೆ 10 ಡಾಲರ್, ಅಚ್ಚಾದದ್ದು 1000 ಪ್ರತಿ. ಅವು ಒಂದು ವರ್ಷದೊಳಗೆ ಖರ್ಚಾದವು. ಮುಂದೆ ಗ್ರಂಥಕರ್ತರಿಬ್ಬರಿಗೂ ಹೆಸರು ಹಣಗಳ ವಿಷಯದಲ್ಲಿ ಮನಸ್ಸು ಮುರಿಯಿತು. 1979ರಲ್ಲಿ ಆರ್ನೆಸನ್ ನ್ಯಾಯಾಲಯಕ್ಕೆ ಹೋದರು, 1981ರಲ್ಲಿ ರಾಜಿಯಾಯಿತು. ಗೈಗ್ಯಾಕ್ಸ್ 2008ರಲ್ಲಿ, ಆರ್ನೆಸನ್ 2009ರಲ್ಲಿ ತೀರಿಕೊಂಡರು. ಯಾರದು ಹೆಚ್ಚು ಎಂದು ಅಭಿಮಾನಿಗಳು ಈಗಲೂ ಕಾದಾಡುತ್ತಾರೆ. ಒಬ್ಬರಿಗೆ ಆಡುವುದು ಗೊತ್ತಿತ್ತು, ಇನ್ನೊಬ್ಬರಿಗೆ ಬರೆಯುವುದು ಗೊತ್ತಿತ್ತು. ಕಂಠಸ್ಥವಾಗಿದ್ದ ಕಾವ್ಯಕ್ಕೆ ಲಿಪಿಕಾರ ದೊರೆತಂತೆ. ದ್ವಂದ್ವಕ್ಕೆ ನಿಂತ ಆ ಇಬ್ಬರು ಆಟಗಾರರ ಹೆಸರನ್ನು ಮಾತ್ರ ಯಾವ ದಾವೆಯಲ್ಲೂ ಯಾರೂ ಎತ್ತಲಿಲ್ಲ.

ಆ ಮೊದಲ ವರ್ಷಗಳಲ್ಲಿ ಒಳ್ಳೆಯ ಆಟಗಾರನೆಂದರೆ ಜಾಗರೂಕ. ಆಗಿನ ನಿಯಮದಂತೆ ರಾಕ್ಷಸನನ್ನು ಕೊಂದದ್ದಕ್ಕಿಂತ ನಿಧಿಯನ್ನು ಹೊರತಂದದ್ದಕ್ಕೆ ಸಾಮಾನ್ಯವಾಗಿ ಹೆಚ್ಚು ಅನುಭವಾಂಕ ಸಿಗುತ್ತಿತ್ತು. ಆದಕಾರಣ ಸುಮ್ಮನೆ ಕತ್ತಿ ಬೀಸುವವನು ದಡ್ಡ; ಮಲಗಿದ ರಾಕ್ಷಸನ ಪಕ್ಕದಿಂದ ನುಸುಳಿ ಬರುವವನು ಜಾಣ. ಜನ ಹೆಚ್ಚಾಗಿ ಸೇರುತ್ತಿದ್ದುದರಿಂದ ಎಲ್ಲರ ತೀರ್ಮಾನವನ್ನು ಕೇಳಿ ತೀರ್ಪುಗಾರರಿಗೆ ತಿಳಿಸುವ ಒಬ್ಬ ವಕ್ತಾರ, ತೀರ್ಪುಗಾರರು ಹೇಳಿದ ಅಳತೆಯಂತೆ ದಾರಿಯನ್ನು ಗೀಚಿಕೊಳ್ಳುವ ಒಬ್ಬ ನಕ್ಷೆಗಾರ—ಹೀಗೆ ಕೆಲಸಗಳನ್ನು ಹಂಚಿಕೊಳ್ಳುತ್ತಿದ್ದರು. ನಕ್ಷೆ ತಪ್ಪಿದರೆ ಎಲ್ಲರೂ ಕತ್ತಲೆಯಲ್ಲಿ ಸಾಯಬೇಕು. 1978ರ ಆಟಗಾರರ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಬರೆದ ಬುದ್ಧಿಮಾತೂ ಇದೇ ಧಾಟಿಯದು: ಹೊರಡುವ ಮುನ್ನ ಉದ್ದೇಶವನ್ನು ಗೊತ್ತುಮಾಡಿಕೊಳ್ಳಿ, ಜೊತೆಯವರೊಡನೆ ಸಹಕರಿಸಿ.

ಈ ಜಾಣತನಕ್ಕೆ ಪರೀಕ್ಷೆಯೆಂದು ಗೈಗ್ಯಾಕ್ಸ್ 1975ರಲ್ಲಿ ಬಾಲ್ಟಿಮೋರಿನ ಒಂದು ಸ್ಪರ್ಧೆಗಾಗಿ ‘ಭಯಂಕರ ಗೋರಿ’ ಎಂಬರ್ಥದ ಹೆಸರಿನ ಸಾಹಸವನ್ನು ಸಿದ್ಧಪಡಿಸಿದರು. ಅಲ್ಲಿ ಖಡ್ಗಕ್ಕೆ ಕೆಲಸವಿಲ್ಲ. ಹೆಜ್ಜೆ ಹೆಜ್ಜೆಗೂ ಬೋನು, ಗುಂಡಿ, ಒಗಟು. ಅವರ ಬಳಗದ ಪ್ರಸಿದ್ಧ ಆಟಗಾರ ರಾಬ್ ಕುಂಟ್ಸ್, ತನ್ನ ಪಾತ್ರದ ಸೇವಕರಾಗಿದ್ದ ಓರ್ಕ್ ಎಂಬ ಜಾತಿಯ ಜೀವಿಗಳನ್ನು ಸಾಲಾಗಿ ಮುಂದೆ ಅಟ್ಟಿ, ಅವು ಬೋನಿಗೆ ಬಿದ್ದು ಸತ್ತ ದಾರಿಯನ್ನು ಹಿಡಿದು ಗೋರಿಯನ್ನು ಗೆದ್ದರೆಂದು ಹೇಳುತ್ತಾರೆ. ಬುದ್ಧಿವಂತಿಕೆ ಎನ್ನದೆ ಗತ್ಯಂತರವಿಲ್ಲ. ಆದರೂ ಆ ಓರ್ಕುಗಳ ಕಡೆಯಿಂದ ಒಂದು ಮಾತು ಕೇಳಬೇಕೆಂದು ನನಗೆ ಅನ್ನಿಸುತ್ತದೆ. ಅದು ಹಾಗೆ ಅನ್ನಿಸಿದ್ದು ನನಗೊಬ್ಬನಿಗೇ ಅಲ್ಲ.

ಆಟ ಹರಡಿದಂತೆ, ಅದನ್ನು ಜನ ಬೇರೆಬೇರೆ ಆಸೆಯಿಂದ ಆಡುತ್ತಾರೆಂಬುದು ಕಣ್ಣಿಗೆ ಬಿತ್ತು. 1980ರಲ್ಲಿ ಗ್ಲೆನ್ ಬ್ಲೇಕೋ ಎಂಬುವರು ಪತ್ರಿಕೆಯೊಂದರಲ್ಲಿ ಈ ಆಸೆಗಳನ್ನು ನಾಲ್ಕಾಗಿ ವಿಂಗಡಿಸಿದರು. ತನ್ನ ಪಾತ್ರ ಬಲಿಷ್ಠವಾಗಬೇಕೆಂಬುದು ಒಂದು. ಯುದ್ಧತಂತ್ರದಲ್ಲಿ ಗೆಲ್ಲಬೇಕೆಂಬುದು ಇನ್ನೊಂದು. ಪಾತ್ರವಾಗಿ ಬದುಕಬೇಕೆಂಬುದು ಮೂರನೆಯದು. ಒಳ್ಳೆಯ ಕಥೆ ಮೂಡಬೇಕೆಂಬುದು ನಾಲ್ಕನೆಯದು. ಒಂದು ಮೇಜಿನಲ್ಲಿ ನಾಲ್ವರಿಗೆ ನಾಲ್ಕು ಆಸೆಗಳಿದ್ದರೆ? ಅಲ್ಲಿಂದ ಮುಂದೆ ಒಳ್ಳೆಯ ಆಟಗಾರನೆಂಬ ಮಾತಿಗೆ ಹೊಸ ಅರ್ಥ ಬೇಕಾಯಿತು. ಪಕ್ಕದವನು ಯಾವ ಆಸೆಯಿಂದ ಕುಳಿತಿದ್ದಾನೆಂದು ತಿಳಿಯುವುದೂ ಆಟದ ಭಾಗವಾಯಿತು.

ಅದೇ 1980ರ ದಶಕದಲ್ಲಿ ಅಮೆರಿಕದ ಕೆಲವು ತಂದೆತಾಯಿಗಳೂ ಧರ್ಮಗುರುಗಳೂ ಇದು ಪಿಶಾಚಿಯ ಆಟ, ಮಕ್ಕಳು ತಮ್ಮನ್ನು ಮರೆತು ಪಾತ್ರವೇ ಆಗಿಬಿಡುತ್ತಾರೆ ಎಂದು ಗದ್ದಲವೆಬ್ಬಿಸಿದರು. ಆ ಆರೋಪಗಳು ನಿಲ್ಲಲಿಲ್ಲ. ನಮ್ಮ ಅಲಂಕಾರ ಶಾಸ್ತ್ರದ ವಿದ್ಯಾರ್ಥಿಗೆ ಈ ಭಯ ಹೊಸದಲ್ಲ. ನಟನನ್ನು ರಾಮನೆಂದು ಕಾಣುವುದು ನಿಜವೂ ಅಲ್ಲ ಸುಳ್ಳೂ ಅಲ್ಲ, ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆಯೆನ್ನುವ ಹಾಗೆ ಎಂದು ಶ್ರೀಶಂಕುಕನು ಹೇಳಿದ್ದನ್ನು ಪಂಡಿತ ಪರೀಕ್ಷೆಗೆ ಓದಿದವರೆಲ್ಲ ಬಲ್ಲರು. ಪಾತ್ರದಾಟದವನು ನಟನೂ ಹೌದು, ಪ್ರೇಕ್ಷಕನೂ ಹೌದು. ‘ನನ್ನ ಪಾತ್ರದ ಸ್ವಭಾವವೇ ಹೀಗೆ, ಏನು ಮಾಡಲಿ’ ಎಂದು ಜೊತೆಯವರ ಗಂಟು ಕದ್ದು ಅವರನ್ನು ನೋಯಿಸುವವನು ಪಾತ್ರದಲ್ಲಿ ಮುಳುಗಿದವನಲ್ಲ, ಪಾತ್ರದ ಮರೆಯಲ್ಲಿ ಅಡಗಿಕೊಂಡವನು. ಅನುಭವಸ್ಥ ಆಟಗಾರರು ಇಂಥವನಿಗೆ ಹೆದರುವಷ್ಟು ಯಾವ ರಾಕ್ಷಸನಿಗೂ ಹೆದರುವುದಿಲ್ಲ.

2013ರ ಸುಮಾರಿಗೆ ನ್ಯೂಯಾರ್ಕಿನ ಜಾನ್ ಸ್ಟಾವ್ರೊಪೌಲೋಸ್ ಎಂಬುವರು ಒಂದು ಸರಳ ಉಪಾಯವನ್ನು ಬಳಕೆಗೆ ತಂದರು. ಮೇಜಿನ ನಡುವೆ ಕತ್ತರಿ ಗುರುತು ಬರೆದ ಒಂದು ಚೀಟಿ. ಕಥೆ ಯಾರಿಗಾದರೂ ಸಹಿಸಲಾರದ ಕಡೆಗೆ ತಿರುಗಿದರೆ ಅವರು ಅದನ್ನು ಮುಟ್ಟಿದರೆ ಸಾಕು. ಕಾರಣ ಕೇಳುವಂತಿಲ್ಲ, ಆ ಭಾಗವನ್ನು ಬಿಟ್ಟು ಮುಂದುವರಿಯಬೇಕು. ಹಳೆಯ ಆಟಗಾರರು ಕೆಲವರು ಇದನ್ನು ಹಾಸ್ಯ ಮಾಡಿದರು. ಮಗುವೊಂದು ತರಗತಿಯಲ್ಲಿ ಯಾಕೆ ಹಠಾತ್ತನೆ ತಲೆ ತಗ್ಗಿಸಿತೆಂದು ತಿಳಿಯದೆ ಪಾಠ ಮುಂದುವರಿಸಿದ ಅನುಭವವುಳ್ಳ ನನಗೆ ಹಾಸ್ಯ ಮಾಡಲು ಬಾಯಿ ಬರಲಿಲ್ಲ.

ಬಾನುಲಿ ಪ್ರಿಯರಿಗಾಗಿ ಇನ್ನೊಂದು ವಿಷಯ. 2015ರಿಂದ ‘ಕ್ರಿಟಿಕಲ್ ರೋಲ್’ ಎಂಬ ಹೆಸರಿನಲ್ಲಿ, ಕಂಠದಾನವನ್ನೇ ವೃತ್ತಿಯಾಗಿ ಉಳ್ಳ ಅಮೆರಿಕದ ಕಲಾವಿದರು ಮ್ಯಾಥ್ಯೂ ಮರ್ಸರ್ ಅವರ ತೀರ್ಪುಗಾರಿಕೆಯಲ್ಲಿ ಆಡತೊಡಗಿದ ಆಟ ಅಂತರ್ಜಾಲದಲ್ಲಿ ಪ್ರಸಾರವಾಗಿ ಲೋಕವೆಲ್ಲ ನೋಡುವಂತಾಯಿತು. ಅಂದಿನಿಂದ, ಕಂಠ ಚೆನ್ನಾಗಿದ್ದು ಧ್ವನಿ ಬದಲಿಸಬಲ್ಲವನೇ ಒಳ್ಳೆಯ ಆಟಗಾರನೆಂಬ ಭ್ರಮೆ ಕೆಲವು ಹೊಸಬರಿಗೆ ಹಿಡಿದಿದೆಯೆಂದು ನನ್ನ ಶಿಷ್ಯ ಹೇಳುತ್ತಾನೆ. ಆ ಪ್ರಸಾರದ ಸ್ವಲ್ಪ ಭಾಗವನ್ನು ಆತ ನನಗೆ ತೋರಿಸಿದ. ಕಂಠಗಳು ಚೆನ್ನಾಗಿವೆ, ಸಂದೇಹವಿಲ್ಲ. ಆದರೆ ನನ್ನ ಕಣ್ಣು ಹೋದದ್ದು ಮಾತನಾಡದೆ ಇದ್ದವರ ಮುಖಗಳ ಕಡೆಗೆ. ಒಬ್ಬರು ಮಾತನಾಡುವಾಗ ಉಳಿದವರು ಮುಂದಕ್ಕೆ ಬಾಗಿ ಕೇಳುತ್ತಾರೆ, ನಗುತ್ತಾರೆ, ಬೆರಗಾಗುತ್ತಾರೆ. ನಮ್ಮಲ್ಲಿಯೂ ಎದುರಿನವರನ್ನು ಮಾತಿನ ಮಳೆಗರೆದು ಮುಳುಗಿಸುವ ಅರ್ಥಧಾರಿಗಳಿದ್ದಾರೆ. ಎದುರಿನವರಿಗೆ ಉತ್ತರಕ್ಕೊಂದು ಎಳೆಯನ್ನು ಬಿಟ್ಟುಕೊಟ್ಟು ನಿಲ್ಲಿಸುವವರೂ ಇದ್ದಾರೆ. ಚಪ್ಪಾಳೆ ಮೊದಲನೆಯವರಿಗೆ ಬೀಳುವುದುಂಟು. ಜೊತೆಗೆ ಕೂಡುವವರು ಹುಡುಕಿಕೊಂಡು ಹೋಗುವುದು ಎರಡನೆಯವರನ್ನು. ಪ್ರಸಂಗದ ಕೊನೆ ಗೊತ್ತಿರುವ ನಮ್ಮ ಕಲೆಗೇ ಇದು ಬೇಕಾದರೆ, ಕೊನೆಯೇ ಗೊತ್ತಿಲ್ಲದ ಆಟದಲ್ಲಿ ಮುಂದಿನ ಕಥೆ ಪಕ್ಕದವರ ಬಾಯಿಯಲ್ಲಲ್ಲದೆ ಮತ್ತೆಲ್ಲಿದ್ದೀತು?

ರಜೆ ಮುಗಿಯುವ ಮುನ್ನ ಮಕ್ಕಳು ಇನ್ನೊಂದು ಸಂಜೆ ಸೇರಿದರು. ನಾನಾಗಿಯೇ ಹೋದೆ, ಮಂತ್ರವಾದಿ ಬೇಡ, ನಕ್ಷೆ ಬರೆಯುವ ಕೆಲಸ ಕೊಡಿ ಎಂದೆ. ಚೌಕುಳಿ ಕಾಗದ, ಪೆನ್ಸಿಲ್, ರಬ್ಬರ್ ಕೊಟ್ಟರು. ಮೂವತ್ತು ಅಡಿ ಮುಂದಕ್ಕೆ, ಅಲ್ಲಿ ಎಡಕ್ಕೊಂದು ಕವಲು, ಹತ್ತು ಅಡಿ ಅಗಲದ ಮೆಟ್ಟಿಲು. ಕಿವಿ ಬೇರೆ ಕಡೆ ಹೋದರೆ ಗೆರೆ ತಪ್ಪುತ್ತದೆ. ಮೂರು ಗಂಟೆಗಳಲ್ಲಿ ನಾನಾಡಿದ ಮಾತು ಹತ್ತನ್ನು ದಾಟಿರಲಾರದು. ಎಲ್ಲರೂ ಏಳುವ ಹೊತ್ತಿಗೆ ಆ ಹುಡುಗಿ ಕಾಗದದ ಮೇಲೆ ಬಗ್ಗಿ, ಒಂದು ಕಡೆ ಬೆರಳಿಟ್ಟು, ‘ಸಾರ್, ಇಲ್ಲಿ ಬಾಗಿಲು ಉತ್ತರಕ್ಕಿತ್ತು, ನೀವು ಪೂರ್ವಕ್ಕೆ ಬರೆದಿದ್ದೀರಿ’ ಎಂದಳು. ಅಳಿಸಿ, ಅವಳು ಹೇಳಿದ ಕಡೆ ಬರೆದೆ.